ನೆನೆದವರ ಉಪಾಹಾರ

ಅರುಣೋದಯಕ್ಕೆ ಮುನ್ನವೇ ಎದ್ದು ಡಿಕಾಕ್ಷನ್ ಇಳಿಸುವ ವ್ರತವನ್ನು ಅರವತ್ತು ವರ್ಷಗಳಿಂದ ಅವಿಚ್ಛಿನ್ನವಾಗಿ ಪಾಲಿಸಿಕೊಂಡು ಬಂದಿದ್ದ ಬಸವನಗುಡಿಯ ಅಜ್ಜಿಯವರು, ಫ್ರಿಜ್ಜಿನೊಳಗೆ ವಿರಾಜಮಾನವಾಗಿದ್ದ ಗಾಜಿನ ಭರಣಿಯೊಂದನ್ನು ಕಂಡು ಮೊಮ್ಮಗಳನ್ನು ಕರೆದರು.

“ಇದೇನು ಮಗು?”

“ತಿರಮಿಸು ಓಟ್ಸ್, ಅಜ್ಜಿ. ರಾತ್ರಿಯೆಲ್ಲ ನೆನೆಸಿದ್ದೆ.”

“ಯಾರನ್ನು?”

“ಹಾಲಿನಲ್ಲಿ ನೆನೆಸಿದ್ದೆ! ಮೇಲೆ ನಿಮ್ಮ ಡಿಕಾಕ್ಷನ್, ಕೆನೆ, ಕೋಕೋ, ಚಾಕೊಲೇಟ್ ಚೂರು. ತೂಕ ಇಳಿಯುತ್ತದೆ.”

“ಭರಣಿಯದೋ, ನಿನ್ನದೋ?”

“1900ರ ಸುಮಾರಿಗೇ ಜ್ಯೂರಿಕ್ಕಿನ ವೈದ್ಯ ಬಿರ್ಷರ್-ಬೆನ್ನರ್ ನೆನೆಸಿದ ಓಟ್ಸನ್ನು ರೋಗಿಗಳಿಗೆ ಕೊಡುತ್ತಿದ್ದರು.”

“ಚಾಕೊಲೇಟಿನೊಡನೆಯೋ?”

“ಇಲ್ಲ, ತುರಿದ ಸೇಬಿನೊಡನೆ.”

“ಪಾಪ, ಅವರು ನಿಜವಾಗಿಯೂ ರೋಗಿಗಳು. ಆದರೆ ಮಗು, ನಿನ್ನೆಯ ಅನ್ನವನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟರೆ ಮೂಗು ಮುರಿದೆಯಲ್ಲ?”

“ಅದು ತಂಗಳು, ಅಜ್ಜಿ!”

“ಸರಿಯೇ. ಮಡಕೆಯಲ್ಲಿ ತಂಗಿದರೆ ತಂಗಳು. ಗಾಜಿನ ಭರಣಿಯಲ್ಲಿ ತಂಗಿದರೆ ಅತಿಥಿ!”