ಗೋಣಾಡಿಸುವ ಕಸುಬು

ಹೊಸದಾಗಿ ಐಟಿ ಕೆಲಸಕ್ಕೆ ಸೇರಿದವರನ್ನು ಪತ್ತೆ ಹಚ್ಚಲು ಕೊರಳಿನ ಟ್ಯಾಗ್ ನೋಡಬೇಕಿಲ್ಲ, ಕೊರಳು ನೋಡಿದರೆ ಸಾಕು. ಬೆಳಗಿನ ಸ್ಟ್ಯಾಂಡ್‌ಅಪ್‌ನಲ್ಲಿ ಯಾರೋ "ಪಾಡ್ ರೀಸ್ಟಾರ್ಟ್ ಆಗ್ತಾನೇ ಇದೆ" ಅಂದರೆ ಗೋಣು ಆಡುತ್ತದೆ. "ಕಾಫ್ಕಾದಲ್ಲಿ ಲ್ಯಾಗ್ ಇದೆ" ಅಂದರೆ ಇನ್ನೂ ಜೋರಾಗಿ ಆಡುತ್ತದೆ. (ಆ ಸಾಫ್ಟ್‌ವೇರಿಗೆ ಕಾದಂಬರಿಕಾರ ಕಾಫ್ಕಾನ ಹೆಸರನ್ನೇ ಇಟ್ಟಿದ್ದಾರೆ. ತಪ್ಪೇನೆಂದು ತಿಳಿಯದೆಯೇ ವಿಚಾರಣೆಗೆ ಸಿಕ್ಕವನ ಕಥೆ ಬರೆದ ಪುಣ್ಯಾತ್ಮ. ಹೊಸಬರಿಗೆ ಸರಿಯಾಗಿಯೇ ಒಪ್ಪುತ್ತದೆ.) ತಮ್ಮ ಸರದಿ ಬಂದಾಗ "ನೋ ಬ್ಲಾಕರ್ಸ್" ಅಂದುಬಿಡುತ್ತಾರೆ. ಲ್ಯಾಪ್‌ಟಾಪಿನಲ್ಲಿ ಇನ್ನೂ ಒಂದು ಸಲವೂ ಬಿಲ್ಡ್ ಆಗಿರುವುದಿಲ್ಲ!

ಆಮೇಲೆ ಶುರು ಒಳಗಿನ ಪುಕಪುಕ. ಬಾಯಿಪಾಠ ಮಾಡಿದ ಬೈನರಿ ಟ್ರೀಯನ್ನೇ ಕೇಳಿದ್ದಕ್ಕೆ ಪಾಸಾದೆ, ಎಚ್‌ಆರ್ ಇನ್ಯಾರದೋ ರೆಸ್ಯೂಮೆ ನೋಡಿ ನನಗೆ ಆಫರ್ ಕೊಟ್ಟಿರಬೇಕು, ಇಂದಲ್ಲ ನಾಳೆ ಬಣ್ಣ ಬಯಲಾಗುತ್ತೆ ಅಂತ. ಅಲ್ಲ ಮಾರಾಯ್ರೇ, ಅಷ್ಟು ರೌಂಡು ಕೂರಿಸಿ ಜಾಲಾಡಿದವರಿಗೆಲ್ಲ ಟೋಪಿ ಹಾಕುವ ತಾಕತ್ತು ನಿಮಗಿದ್ದಿದ್ದರೆ ಕೋಡು ಬರೆಯಲು ಯಾಕೆ ಬರುತ್ತಿದ್ದಿರಿ? ಚುನಾವಣೆಗೆ ನಿಲ್ಲುತ್ತಿದ್ದಿರಿ.

ಇಂಪೋಸ್ಟರ್ ಸಿಂಡ್ರೋಮ್ ಅನ್ನುವ ಈ ಅಳುಕನ್ನು 1978ರಲ್ಲಿ ಮೊದಲು ಬರೆದಿಟ್ಟವರು ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು. ಅವರು ಮಾತಾಡಿಸಿದ್ದು ಓದಿನಲ್ಲಿ, ಉದ್ಯೋಗದಲ್ಲಿ ಹೆಸರು ಮಾಡಿದ್ದ ಹೆಂಗಸರನ್ನು. ಪಿಎಚ್‌ಡಿ ಪಡೆದವರೂ ಅವರಲ್ಲಿದ್ದರು. ಪದವಿ ಕೈಗೆ ಬಂದ ಮೇಲೂ, ಎಲ್ಲೋ ಲೆಕ್ಕ ತಪ್ಪಿ ತಮಗೆ ಬಂದಿದೆ ಅಂದುಕೊಂಡಿದ್ದರಂತೆ. ನಿಜವಾಗಿ ಏನೂ ಬಾರದವರಿಗೆ ಈ ಚಿಂತೆ ಹತ್ತುವುದು ಕಡಿಮೆ. ಅವರು ಮೀಟಿಂಗ್ ಕರೆಯುವುದರಲ್ಲಿ ಬಿಜಿ.

ನಿಮ್ಮ ಕಣ್ಣಿಗೆ ಸರ್ವಜ್ಞರಂತೆ ಕಾಣುವ ಸೀನಿಯರ್ ಪಕ್ಕ ಅರ್ಧ ಗಂಟೆ ಕೂತು ನೋಡಿ. ಟಾರ್ ಕಮಾಂಡಿಗೆ ಯಾವ ಅಕ್ಷರ ಹಾಕಬೇಕೆಂದು ಇವತ್ತೂ ಗೂಗಲ್ ಮಾಡುತ್ತಾರೆ. ವಿಮ್ ಎಂಬ ಎಡಿಟರಿನಿಂದ ಹೊರಗೆ ಬರುವುದು ಹೇಗೆ ಎಂಬ ಒಂದು ಪ್ರಶ್ನೆಯನ್ನು ಸ್ಟಾಕ್ ಓವರ್‌ಫ್ಲೋದಲ್ಲಿ 2017ರ ಹೊತ್ತಿಗೇ ಹತ್ತು ಲಕ್ಷಕ್ಕೂ ಮಿಕ್ಕಿ ಸಲ ನೋಡಲಾಗಿತ್ತು. ಬರೆಯುವುದು ಹೇಗೆ ಅಂತಲ್ಲ, ಹೊರಗೆ ಬರುವುದು ಹೇಗೆ ಅಂತ! ಅದೇ ವರ್ಷ ಕೋಡ್ ಕಾಪಿಡುವ ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಎಂಜಿನಿಯರ್ ರಾತ್ರಿ ಹೊತ್ತು ಇನ್ಯಾವುದೋ ಸರ್ವರ್ ಅಂದುಕೊಂಡು ಅಸಲಿ ಡೇಟಾಬೇಸನ್ನೇ ಅಳಿಸಿದರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ನೋಡೋಣವೆಂದರೆ ಒಂದೂ ನೆಟ್ಟಗಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಅವರೇ ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿತು. ರಿಪೇರಿಯನ್ನು ಕಂಪನಿ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು, ಆ ಎಂಜಿನಿಯರನ್ನು ಕೆಲಸದಿಂದ ತೆಗೆಯಲಿಲ್ಲ. ನಿಮಗೋ, ಇನ್ನೂ ಪ್ರೊಡಕ್ಷನ್ ಆಕ್ಸೆಸ್ಸೇ ಬಂದಿಲ್ಲ. ಅಳಿಸುವುದಾದರೂ ಏನನ್ನು?

ಹೊಸಬರ ದಡ್ಡ ಪ್ರಶ್ನೆಗಳಿಗೆ ಮಿಕ್ಸಿಯ ಹಾಗೆ ವಾರಂಟಿ ಇರುತ್ತದೆ, ಮೂರು ತಿಂಗಳೆಂದು ಇಟ್ಟುಕೊಳ್ಳಿ. ಅದರೊಳಗೆ ಕೇಳಿ ಮುಗಿಸಿ. ಅರ್ಧ ಗಂಟೆ ನೀವೇ ತಿಣುಕಿ, ಆಮೇಲೆ "ಇದನ್ನ ಮಾಡಿ ನೋಡಿದೆ, ಈ ಎರರ್ ಬಂತು" ಅಂತ ಹೋಗಿ. ಬರೀ "ಆಗ್ತಿಲ್ಲ ಸರ್" ಅಂದರೆ ಯಾರಿಗಾದರೂ ರೇಗುತ್ತದೆ. ಸೆಟಪ್ ಡಾಕ್ಯುಮೆಂಟಿನಲ್ಲಿ "ಆಕ್ಸೆಸ್‌ಗೆ ಇಂಥವರನ್ನು ಕೇಳಿ" ಅಂತಿರುತ್ತದೆ. ಇಂಥವರು ಪೇಪರ್ ಹಾಕಿ ಯಾವ ಕಾಲವಾಯಿತೋ. ಆ ಸಾಲು ತಿದ್ದಿ ಕಳಿಸಿ, ಅದೇ ನಿಮ್ಮ ಮೊದಲ ಪಿಆರ್ ಆಗಲಿ. ಹಳಬರ ಕಣ್ಣಿಗೆ ಅಂಥ ತಪ್ಪು ಬೀಳುವುದೇ ಇಲ್ಲ.

ನಮ್ಮಲ್ಲಿ ಒಬ್ಬಳು ಹುಡುಗಿ ಸೇರಿದ ಹೊಸದರಲ್ಲೇ ರಿವ್ಯೂ ಮೀಟಿಂಗಿನಲ್ಲಿ ಕೈ ಎತ್ತಿದಳು: "ಸಾರಿ, ಈ ಆರ್‌ಪಿಎಸ್ ಅಂದ್ರೆ ಏನು?" ವರ್ಷಗಟ್ಟಲೆ ಎಲ್ಲರ ಬಾಯಲ್ಲಿ ಓಡಾಡಿದ ಮೂರಕ್ಷರ ಅದು. ಆರ್ಕಿಟೆಕ್ಟ್ "ರಿಕ್ವೆಸ್ಟ್ಸ್ ಪರ್ ಸೆಕೆಂಡ್" ಅಂದರು. ಟೆಸ್ಟಿಂಗ್‌ನವರು "ಅಲ್ಲಲ್ಲ, ಅದು ನಮ್ಮ ರಿಪೋರ್ಟ್ ಪ್ರೊಸೆಸಿಂಗ್ ಸರ್ವೀಸ್" ಅಂದರು. ಮೂರನೆಯವರು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಗಡಿಯಾರ ನೋಡಿ, "ಇದನ್ನ ಆಫ್‌ಲೈನ್ ತಗೊಳ್ಳೋಣ" ಅಂದರು.