ಮಡಿವಂತ ಕೇಕ್

ಅಮೆರಿಕದ ಕೊಲೊರಾಡೊ ರಾಜ್ಯದ ಲೇಕ್‌ವುಡ್‌ನಲ್ಲಿ ಬಲು ಮಡಿವಂತ ಬೇಕರಿಯೊಂದಿತ್ತು. 2012ರಲ್ಲಿ ಇಬ್ಬರು ಗಂಡಸರು ತಮ್ಮ ಮದುವೆಗೆ ಕೇಕ್ ಬೇಕೆಂದು ಅಲ್ಲಿಗೆ ಹೋದರು. ಬಿಸ್ಕತ್ತು ಬೇಕೇ, ಕೊಡುತ್ತೇನೆ. ಹುಟ್ಟುಹಬ್ಬದ ಕೇಕ್ ಬೇಕೇ, ಅದೂ ಸರಿ. ನಿಮ್ಮ ಮದುವೆಯ ಕೇಕ್ ಮಾತ್ರ ನನ್ನ ಧರ್ಮಕ್ಕೆ ಒಗ್ಗದು ಎಂದರು ಮಾಲೀಕರು. ಮೈದಾ, ಮೊಟ್ಟೆ, ಸಕ್ಕರೆ ಯಾವುದಕ್ಕೂ ದೇವರ ತಕರಾರಿಲ್ಲ. ಯಾರ ಬಾಯಿಗೆ, ಯಾವ ಮುಹೂರ್ತದಲ್ಲಿ ಬೀಳುತ್ತದೆ ಎಂಬುದಷ್ಟೇ ಅವನ ಚಿಂತೆ.

2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಲ್ಲಿ ಬೇಕರಿಯನ್ನು ಗೆಲ್ಲಿಸಿತು. ಕಾರಣ? ದೂರು ವಿಚಾರಿಸಿದ ರಾಜ್ಯದ ನಾಗರಿಕ ಹಕ್ಕುಗಳ ಆಯೋಗ ಮಾಲೀಕರ ನಂಬಿಕೆಯ ಬಗ್ಗೆ ಹಗುರವಾಗಿ ಮಾತಾಡಿತ್ತು. ಆಡಿದ್ದು ನಿಜ, ತಪ್ಪೇ. ಸರಿ, ಅಂಗಡಿಯವರು ಗಿರಾಕಿಯನ್ನು ಬಾಗಿಲಿಂದ ವಾಪಸು ಕಳಿಸಬಹುದೋ ಬಾರದೋ? ಅದನ್ನು ಕೋರ್ಟ್ ಮುಂದಿನವರಿಗೆ ಬಿಟ್ಟಿತು.

ಮುಂದಿನವರು ಬಂದೇ ಬಂದರು. ಅದೇ ರಾಜ್ಯದ ವೆಬ್‌ಸೈಟ್ ವಿನ್ಯಾಸಕಿ. ಸಲಿಂಗ ಮದುವೆಗಳಿಗೆ ಮಾಡಿಕೊಡಲಾರೆ ಎಂದು ಕೇಸು ಹೂಡಿದಾಗ ಒಂದು ಮದುವೆಗೂ ವೆಬ್‌ಸೈಟ್ ಮಾಡಿಕೊಟ್ಟವರಲ್ಲ. ಕೂಸು ಹುಟ್ಟುವ ಮುನ್ನವೇ ಕುಲಾವಿ. 2023ರಲ್ಲಿ 6-3ರಿಂದ ಗೆದ್ದರು. ಈ ಸಲ ಗೆಲ್ಲಿಸಿದ್ದು ಧರ್ಮವಲ್ಲ, ವಾಕ್ ಸ್ವಾತಂತ್ರ್ಯ. ವೆಬ್‌ಸೈಟ್ ಎಂದರೆ ಅಭಿವ್ಯಕ್ತಿ, ಒಪ್ಪದ ಮಾತನ್ನು ಯಾರಿಂದಲೂ ಸರ್ಕಾರ ಆಡಿಸಕೂಡದು ಎಂಬುದು ತೀರ್ಪು. ಒಪ್ಪದ ಘೋಷಣೆ ಬರೆದುಕೊಡು ಎಂದು ಯಾರ ಕೈಯನ್ನೂ ತಿರುಚಬಾರದು, ಅದಕ್ಕೆ ನನ್ನದೂ ಹೂಂ. ಆದರೆ ಬೇಕರಿಗೆ ಹೋದ ಆ ಇಬ್ಬರನ್ನು ಸಾಗಹಾಕಿದ್ದು ಕೇಕ್ ಮೇಲೆ ಏನು ಬರೆಯಬೇಕೆಂಬ ಮಾತೇ ಏಳುವ ಮೊದಲು! ಇನ್ನು ವ್ಯಾಪಾರಿ ಎನಿಸಿಕೊಳ್ಳಲು ಯಾರಿಗೆ ಹುಚ್ಚು? ಹೂ ಕಟ್ಟುವವರು, ಫೋಟೊ ತೆಗೆಯುವವರು, ಶಾಮಿಯಾನದ ಗಂಟು ಬಿಗಿಯುವವರು ಎಲ್ಲರೂ ಕಲಾವಿದರೇ.

ಪಾಪ, ಸೌತ್ ಕ್ಯಾರೊಲಿನಾದ 'ಪಿಗ್ಗಿ ಪಾರ್ಕ್' ಹೋಟೆಲಿನವರು ಅವಸರಪಟ್ಟು ಕೆಟ್ಟರು. 1964ರ ನಾಗರಿಕ ಹಕ್ಕು ಕಾಯ್ದೆ ಬಂದಾಗ, ಕರಿಯರಿಗೆ ಬಡಿಸುವುದು ದೈವೇಚ್ಛೆಗೆ ವಿರುದ್ಧ ಎಂದು ಅವರೂ ವಾದಿಸಿದ್ದರು. ಅಲ್ಲಿ ಕರಿಯರಿಗೆ ಕೊಟ್ಟರೂ ಅಡುಗೆಮನೆಯ ಕಿಟಕಿಯಲ್ಲಿ, ಕಟ್ಟಿಸಿಕೊಂಡು ಹೋಗಲು ಮಾತ್ರ. 1968ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಕೆಲಸಕ್ಕೆ ಬಾರದ್ದೆಂದು ಅಡಿಟಿಪ್ಪಣಿಯಲ್ಲೇ ಮುಗಿಸಿತು. ಮಾಂಸ ಸುಡುವುದೂ ಅಭಿವ್ಯಕ್ತಿ ಎಂದು ಅವರಿಗೆ ಹೊಳೆಯಲಿಲ್ಲ.

ಅಡುಗೆಮನೆ ಕಿಟಕಿ ಎಂದೊಡನೆ ನಮಗೆ ಗುರುತು ಹತ್ತುತ್ತದೆ. ನಮ್ಮಲ್ಲಿ ಅದು ಹೋಟೆಲಿನ ಹಿಂಬದಿ, ಬೇರೆ ಲೋಟ, ಕೆಲವೆಡೆ ತೆಂಗಿನ ಚಿಪ್ಪು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಅಂಗಡಿಯೆಂದರೆ ಕ್ಷೌರದಂಗಡಿಯೂ ಸೇರಿತೇ ಎಂದು 1948ರಲ್ಲಿ ಸಂವಿಧಾನ ಸಭೆಯಲ್ಲಿ ಪ್ರಶ್ನೆ ಬಂತು. ಸೇವೆ ಕೊಡಲು ಕೂತವರೆಲ್ಲ ಸೇರಿದರು ಎಂಬರ್ಥದ ಉತ್ತರ ಕೊಟ್ಟವರು ಅಂಬೇಡ್ಕರ್. ಕೇಳಿದವರಿಗೆ ನಮ್ಮ ಊರುಗಳು ಚೆನ್ನಾಗಿ ಗೊತ್ತಿದ್ದಿರಬೇಕು.

ಈಗಲೂ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ದಲಿತರು ಕಟಿಂಗ್‌ಗೆ ಹೋದರೆ ಅಂಗಡಿಯ ಶಟರ್ ಕೆಳಗಿಳಿಯುತ್ತದೆ. ಕತ್ತರಿ ಕ್ಷೌರಿಕನದು, ಅದಕ್ಕೆ ತಾಗಿದ ಮಡಿ ಊರ ದೊಡ್ಡವರದು. ದಲಿತರ ತಲೆ ಮುಟ್ಟಿದರೆ ನಾವು ಇತ್ತ ತಲೆ ಹಾಕುವುದಿಲ್ಲ ಎಂದು ಅವರು ಹೇಳಿಹೋಗಿರುತ್ತಾರೆ. ಪೊಲೀಸರು ಬಂದರೆ 'ಬ್ಲೇಡ್ ಮುಗಿದಿತ್ತು ಸಾರ್, ಕರೆಂಟ್ ಹೋಗಿತ್ತು ಸಾರ್.' ಎಂಥ ಹಳೇ ನೆಪಗಳು! ಕೊಲೊರಾಡೊದ ತೀರ್ಪು ಇನ್ನೂ ಆ ಊರುಗಳಿಗೆ ತಲುಪಿಲ್ಲವೆಂದು ಕಾಣುತ್ತದೆ. ತಲುಪಿದ ಮಾರನೇ ದಿನ ದೊಡ್ಡವರೇ ದುಡ್ಡು ಹಾಕಿ ಹೊಸ ಬೋರ್ಡ್ ಬರೆಸಿಕೊಟ್ಟಾರು: 'ಕೇಶ ಕಲಾವಿದರು. ನಮ್ಮ ಅಭಿವ್ಯಕ್ತಿ ಆಯ್ದ ತಲೆಗಳಿಗೆ ಮಾತ್ರ.'