ಲಾರಿಮಣಿದರ್ಪಣ: ಕರಡಿ ಪ್ರಕರಣ

ಸೂತ್ರ: ಟೊಪ್ಪಿಗೆಯಿಟ್ಟ ಪೊಲೀಸಂ ಕರಡಿಯಕ್ಕುಂ.

ವೃತ್ತಿ: ಅಮೆರಿಕದ ಲಾರಿ ಚಾಲಕರು ಸಿಬಿ ರೇಡಿಯೋದಲ್ಲಿ ಒಬ್ಬರೊಡನೊಬ್ಬರು ಆಡುವ ನುಡಿ ವೈಯಾಕರಣ ಕೇಶಿರಾಜನ ಕಿವಿಗೆ ಬೀಳಲಿಲ್ಲ. ಅವನು 13ನೆಯ ಶತಮಾನದವನು, ಲಾರಿಯೂ ಇರಲಿಲ್ಲ, ಕ್ಷಮಿಸೋಣ. ಆ ಕೊರತೆಯನ್ನು ನೀಗಲು ಈ ಅಲ್ಪಮತಿ ಹೊರಟಿದ್ದಾನೆ.

ಕಾಡಿಗೆ ಬೆಂಕಿ ಬೀಳದಂತೆ ಜನರನ್ನು ಎಚ್ಚರಿಸಲು ಅಲ್ಲಿನ ಅರಣ್ಯ ಸೇವೆಯವರು 1944ರಲ್ಲಿ ಒಂದು ಕರಡಿಯ ಚಿತ್ರ ಬರೆಸಿದರು. ಹೆಸರು ಸ್ಮೋಕಿ, ತಲೆಯ ಮೇಲೆ ಅಗಲ ಅಂಚಿನ ಟೊಪ್ಪಿಗೆ. ಹಲವು ರಾಜ್ಯಗಳ ಹೆದ್ದಾರಿ ಪೊಲೀಸರದೂ ಅದೇ ಬಗೆಯ ಟೊಪ್ಪಿಗೆ. ಅಷ್ಟೇ ಸಾಕಾಯಿತು, ಇಡೀ ಇಲಾಖೆ ಕರಡಿಯಾಯಿತು. ಇದು ರೂಪಕ, ಉಪಮೆಯಲ್ಲ. ‘ಕರಡಿಯಂಥ ಪೊಲೀಸ್’ ಎಂದು ಉಪಮಾವಾಚಕ ಸೇರಿಸಿ ಹೇಳುವಷ್ಟರಲ್ಲಿ ಲಾರಿ ಸಿಕ್ಕಿಬಿದ್ದಿರುತ್ತದೆ.

ಮೂಲಪದ ಒಂದೇ, ಸಂತಾನ ದೊಡ್ಡದು. ದಂಡದ ಚೀಟಿ ಬಂದರೆ ‘ಕರಡಿ ಕಚ್ಚಿತು’. ದಂಡ ಕಟ್ಟಿದರೆ ‘ಕರಡಿಗೆ ಉಣಿಸಿದೆ’. ಹೆಲಿಕಾಪ್ಟರಿನಿಂದ ನೋಡುತ್ತಿರುವವನು ‘ಬೇರ್ ಇನ್ ದಿ ಏರ್’. ಈ ಕೊನೆಯದನ್ನು ವಿದ್ವಾಂಸರು ಗಮನಿಸಬೇಕು. ಸಪ್ತಮೀ ವಿಭಕ್ತಿ ಲೋಪವಾಗದೆ ಉಳಿದಿರುವ ಅಪ್ಪಟ ಅಲುಕ್ ಸಮಾಸವಿದು. ಯುಧಿಷ್ಠಿರ ಯುದ್ಧದಲ್ಲಿ ಸ್ಥಿರ, ಖೇಚರ ಆಕಾಶದಲ್ಲಿ ಸಂಚಾರಿ, ಈತ ಆಕಾಶದಲ್ಲಿ ಕರಡಿ. ವೇಗ ಅಳೆಯುವ ಯಂತ್ರ ಹಿಡಿದು ನಿಂತವನು ‘ಕೋಜಾಕ್ ವಿತ್ ಎ ಕೊಡಾಕ್’. ಕೋಜಾಕ್ ಅಲ್ಲಿನ ಹಳೆಯ ಟೀವಿ ಸರಣಿಯ ಬೋಳುತಲೆಯ ಪತ್ತೇದಾರ, ಕೊಡಾಕ್ ಕ್ಯಾಮೆರಾ. ದ್ವಿತೀಯಾಕ್ಷರ ಪ್ರಾಸ ಕೆಟ್ಟಿದೆ, ಅಂತ್ಯಪ್ರಾಸ ಉಳಿದಿದೆ. ಸ್ಟೇರಿಂಗ್ ಹಿಡಿದವನಿಂದ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ.

ಪೂರ್ವಪಕ್ಷ: ಕರಡಿಗೆ ಇಷ್ಟು ರೂಪಗಳಿದ್ದು ಹೊತ್ತ ಸರಕಿಗೆ ಯಾಕಿಲ್ಲ? ಸಮಾಧಾನ: ಸರಕು ಓಡಿಬಂದು ಹಿಡಿಯುವುದಿಲ್ಲ. ಯಾವುದಕ್ಕೆ ಅಂಜುತ್ತೇವೋ ಅದಕ್ಕೇ ಪರ್ಯಾಯಪದ ಹೆಚ್ಚು. ಅಮರಕೋಶದಲ್ಲಿ ಯಮನಿಗೆ ಎಷ್ಟು ಹೆಸರಿವೆ, ಎಣಿಸಿ ನೋಡಿ.

ಅಂಜಿಕೆಯ ಮೂಲ ಅರಬ್ ದೇಶಗಳಲ್ಲಿದೆ. 1973ರಲ್ಲಿ ಅವು ಎಣ್ಣೆ ನಿಲ್ಲಿಸಿದವು. ಪೆಟ್ರೋಲು ಉಳಿಸಲೆಂದು ಅಧ್ಯಕ್ಷ ನಿಕ್ಸನ್ 1974ರ ಜನವರಿಯಲ್ಲಿ ದೇಶದುದ್ದಕ್ಕೂ ಗಂಟೆಗೆ 55 ಮೈಲಿಯ ಮಿತಿಗೆ ಸಹಿ ಹಾಕಿದರು. ಮೈಲಿಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಇದು ಹೊಟ್ಟೆಯ ಮೇಲೆ ಹೊಡೆದಂತೆ. ಎಣ್ಣೆ ಸಿಗುವ ಬಂಕ್ ಯಾವುದು, ಕರಡಿ ಯಾವ ಸೇತುವೆಯ ಹಿಂದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲು ನಾಲ್ಕು ವ್ಯಾಟಿನ ಈ ರೇಡಿಯೋ ಪೆಟ್ಟಿಗೆ ಒದಗಿತು. ದನಿ ಕೆಲವೇ ಮೈಲಿ ಹೋಗುತ್ತದೆ, ಕರಡಿಯೂ ಅಷ್ಟರೊಳಗೇ ಇರುತ್ತದೆ. ಆ 55ಕ್ಕೆ ಅವರಿಟ್ಟ ಹೆಸರು ‘ಡಬಲ್ ನಿಕಲ್’. ನಿಕಲ್ ಎಂದರೆ ಐದು ಸೆಂಟಿನ ನಾಣ್ಯ. ಎರಡು ಐದು ಗಣಿತದಲ್ಲಿ ಹತ್ತು, ದ್ವಿಗು ಸಮಾಸದಲ್ಲಿ ಐವತ್ತೈದು.

ಮಾತಿನ ಆರಂಭಕ್ಕೆ ನಾಂದಿ ಬೇಕಷ್ಟೆ. ‘ಬ್ರೇಕರ್ ಒನ್ ನೈನ್’ ಎಂಬುದೇ ಅದು: 19ನೆಯ ಚಾನೆಲ್ಲಿನಲ್ಲಿ ಬಾಯಿ ಹಾಕಲು ಅನುಮತಿ ಬೇಡುವುದು. 9ನೆಯದು ಆಪತ್ತಿಗೆ ಮೀಸಲು, ಅಲ್ಲಿ ಹರಟೆ ನಿಷಿದ್ಧ. ‘ಹತ್ತು-ನಾಲ್ಕು’ ಎಂದರೆ ತಿಳಿಯಿತು. ‘ಹತ್ತು-ಇಪ್ಪತ್ತು’ ಎಂದರೆ ಇರುವ ಜಾಗ. ಇದರಲ್ಲಿ ಹತ್ತು ಲೋಪವಾಗಿ ‘ನಿನ್ನ ಇಪ್ಪತ್ತು ಎಲ್ಲಿ?’ ಎಂದು ಕೇಳುವುದೇ ರೂಢಿ. ‘ಹತ್ತು-ನೂರು’ ಎಂದರೆ ಲಘುಶಂಕೆ. ಮಾತ್ರೆಯ ಲೆಕ್ಕದಲ್ಲಿ ಗುರುವಾದದ್ದು ಅರ್ಥದಲ್ಲಿ ಲಘುವಾದ ಅಪೂರ್ವ ಪ್ರಯೋಗ.

ಕವಿಗಳಂತೆ ಇವರಿಗೂ ಕಾವ್ಯನಾಮ ಉಂಟು, ‘ಹ್ಯಾಂಡಲ್’ ಎನ್ನುತ್ತಾರೆ. ದ. ರಾ. ಬೇಂದ್ರೆಯವರು ಅಂಬಿಕಾತನಯದತ್ತ ಆದದ್ದು ಭಕ್ತಿಯಿಂದ, ಇವರು ಹೆಸರು ಮರೆಸಿದ್ದು ಕರಡಿಯ ಭಯದಿಂದ. ಗೀಳು ಎಷ್ಟು ಹಬ್ಬಿತೆಂದರೆ ಮುಂದಿನ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಕೂಡ ‘ಫಸ್ಟ್ ಮಾಮಾ’ ಎಂಬ ಹೆಸರಿಟ್ಟುಕೊಂಡರು. 1977ರ ಜನವರಿಯಿಂದ ಚಾನೆಲ್ಲುಗಳನ್ನು 23ರಿಂದ 40ಕ್ಕೆ ಏರಿಸಬೇಕಾಯಿತು.

ಇಷ್ಟನ್ನು ಸಾಧಿಸಿದ ಮೇಲೆ ಕ್ಷೇತ್ರಕಾರ್ಯವಿಲ್ಲವೆಂಬ ಅಪವಾದ ಬರಬಾರದೆಂದು, ಮನೆ ಸಾಮಾನು ಸಾಗಿಸುವ ನೆಪದಲ್ಲಿ ತುಮಕೂರು ರಸ್ತೆಯಲ್ಲಿ ಒಂದು ಲಾರಿಯ ಮುಂದಿನ ಸೀಟಿನಲ್ಲಿ ಕುಳಿತೆ. ರೇಡಿಯೋ ಹುಡುಕಿದೆ. ನಿಂಬೆಹಣ್ಣು ಇತ್ತು, ಊದುಬತ್ತಿ ಇತ್ತು, ರೇಡಿಯೋ ಇರಲಿಲ್ಲ. ಅಲುಕ್ ಸಮಾಸವನ್ನು ಚಾಲಕನಿಗೆ ವಿವರಿಸುತ್ತಿದ್ದಾಗ ಎದುರಿನ ಲಾರಿಯೊಂದು ಎರಡು ಸಲ ಡಿಮ್-ಡಿಪ್ ಹೊಡೆಯಿತು.

“ಬೆಲ್ಟ್ ಹಾಕ್ಕಳಿ ಸಾ. ಮುಂದೆ ಮಾಮ ಅವ್ರೆ.”

ಅಕ್ಷರವಿಲ್ಲ, ವಿಭಕ್ತಿಯಿಲ್ಲ, ಬರೀ ಎರಡು ಮಿಟುಕು. ಅಷ್ಟರಿಂದ ಕರ್ತೃ, ಕ್ರಿಯೆ, ದೂರ ಮೂರೂ ತಿಳಿಯಿತೆಂದರೆ! ಅದಕ್ಕಿಂತ ನನ್ನನ್ನು ಹಿಡಿದದ್ದು ಆ ಪದ. ಅಲ್ಲಿ ಮೃಗ, ಇಲ್ಲಿ ತಾಯಿಯ ತಮ್ಮ! ಟಿಪ್ಪಣಿ ಪುಸ್ತಕ ತೆಗೆದೆ.

“ಮಾಮ ಅಂದರೆ ಸೋದರಮಾವನೋ, ಇಲ್ಲಾ ಬೆಟ್ಟಿ ಫೋರ್ಡ್ ಕಾವ್ಯನಾಮದ ತದ್ಭವವೋ?”

“ಅದೆಲ್ಲ ಆಮ್ಯಾಕೆ ಸಾ, ಮೊದ್ಲು ಬೆಲ್ಟು.”

ವ್ಯುತ್ಪತ್ತಿ ಬರೆದು ಮುಗಿಸುವುದಕ್ಕೂ ಕಿಟಕಿಯ ಮೇಲೆ ಯಾರೋ ಬಡಿಯುವುದಕ್ಕೂ ಸರಿಹೋಯಿತು. ಬಂದವರ ಟೊಪ್ಪಿಗೆಯ ಅಂಚು ಅಗಲವೇ ಎಂದು ನೋಡಿದೆ. ಚಾಲಕ ನನ್ನನ್ನು ನೋಡಿದ.

ಪ್ರಯೋಗಕ್ಕೆ ಆಧಾರ ಕೊಡಬೇಕೆಂಬ ಶಾಸ್ತ್ರನಿಯಮವಿರುವುದರಿಂದ ‘ಕರಡಿಗೆ ಉಣಿಸು’ ಎಂಬ ನಮೂದಿನ ಎದುರು 500 ರೂಪಾಯಿಯ ರಸೀದಿ ಅಂಟಿಸಿದ್ದೇನೆ. ಮಿಷನ್ನಿನ ಕಾಗದ, ಅಕ್ಷರ ಮಾಸುತ್ತಿದೆ. ಶಾಸನತಜ್ಞರು ಬೇಗ ಬಂದು ಓದಿಕೊಂಡರೆ ಒಳ್ಳೆಯದು.